ಉತ್ತರ ಕಲಿಯದ ಮುಳ್ಳು

ತೊಂಬತ್ತಾರನೇ ಇಸವಿಯಾಗ ಹುಲಿಹೈದರದ ಹೊಲದಾಗ ನಾನೂ ನನ್ನ ತಂಗಿ ಹಂಪವ್ವನೂ ಸರ್ವೆ ಸಾಹೇಬರ ಹತ್ರ ಕೂಲಿ ಮಾಡ್ತಿದ್ದಿವಿ. ಆಕಿ ಹಸುಗೂಸು ಬೇವಿನ ಗಿಡಕ್ಕ ಕಟ್ಟಿದ ಸೀರಿ ಜೋಳಿಗ್ಯಾಗ ಮಲಗಿತ್ತು. ಗಾಳಿ ಸೋಂಕಬಾರದಂತ ತಲಿದೆಸಿಗೆ ಚಾಕು ಇಟ್ಟಿದ್ಲು.

ಸಾಹೇಬರು ಬ್ಯಾಟರಿ ಹಾಕಿದ ಹೊಸ ದಿಕ್ಸೂಚಿ ತಂದಿದ್ರು. ಮೊದಲು ಅದನ್ನ ನಿಧಾನಕ್ಕ ಒಂದು ಸುತ್ತು ತಿರುಗಿಸಬೇಕು, ಆಗ ಅದು ಉತ್ತರ ಯಾವುದಂತ ಕಲೀತೈತಿ. ಹತ್ರ ಕಬ್ಬಿಣ ಇದ್ರ ತಪ್ಪು ಕಲೀತೈತಂತ.

"ಆ ಚಾಕು ದೂರ ಇಡವಾ," ಅಂದ್ರು.

"ಬ್ಯಾಡ್ರೀ ಸಾಹೇಬ್ರ, ಎಳೀ ಕೂಸು ಐತ್ರಿ."

"ನಿಮ್ಮ ದೆವ್ವಕ್ಕ ಮಧ್ಯಾಹ್ನ ರಜಾ ಇರ್ತೈತಿ, ಇಡು!" ಅಂತ ನಕ್ರು.

ಹಂಪವ್ವ ಗೊಣಗುತ್ತ ಚಾಕು ಒಯ್ದು ಬದುವಿನಾಚೆ ಇಟ್ಟು ಬಂದ್ಲು.

ಸಾಹೇಬರು ದಿಕ್ಸೂಚಿ ತಿರುಗಿಸಿದ್ರು. ಅದರ ಮುಳ್ಳು ಜೋಳಿಗಿ ಕಡೆ ಹೋಗಿ ನಿಂತಿತು. ಜಾಗ ಬದಲಿಸಿ ಮತ್ತ ತಿರುಗಿಸಿದ್ರು, ಮತ್ತೂ ಜೋಳಿಗಿ ಕಡೀನ. ಅಂಥಾ ಬಿಸಿಲಿನಾಗ ಗಿಡದ ಬುಡ ಬಾವಿಯೊಳಗಿನಂಗ ತಣ್ಣಗಾಗಿತ್ತು. ಎಲಿ ಒಂದೂ ಅಲುಗಲಿಲ್ಲ, ಜೋಳಿಗಿ ಮಾತ್ರ ತೂಗಾಕ ಹತ್ತಿತು.

"ಅಣ್ಣಾ, ನನ್ನ ಕೂಸು!" ಅಂತ ಹಂಪವ್ವ ಓಡಿ, ಕೂಸನ್ನ ಎದಿಗೆ ಅವಚಿಕೊಂಡು ಬದು ದಾಟಿದ್ಲು. ಕೂಸು ಹಾಲಿಗಂತ ಅಳ್ತಿತ್ತು, ಛಲೋ ಇತ್ತು. ನಾನು ತಿರುಗಿ ನೋಡಿದೆ. ಮುಳ್ಳು ಕದಲಿರಲಿಲ್ಲ. ಖಾಲಿ ಜೋಳಿಗಿ, ಕೂಸು ಇದ್ದಾಗಿನಕ್ಕಿಂತ ಕೆಳಗ ಜಗ್ಗಿತ್ತು.