ಸಕ್ಕರೆ ಅಕ್ಕನ ಬಾಗಿಲು

ಸ್ಕ್ರಿಪ್ಟಿನ ಹದಿನಾಲ್ಕನೆಯ ಪುಟಕ್ಕೆ ಬಂದಾಗ ಅವಳು ಓದುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯವಳು ಮನೆ ಖಾಲಿ ಮಾಡಿಕೊಂಡು ಹೋಗುತ್ತಾಳೆ ಎಂದು ಅಲ್ಲಿ ಬರೆದಿತ್ತು. ಪಕ್ಕದ ಮನೆಯವಳೆಂದರೆ ಅವಳೇ.

ಮೂರು ವರ್ಷದಿಂದ ಆ ಹಾಸ್ಯ ಧಾರಾವಾಹಿಯಲ್ಲಿ ಅವಳದು ಒಂದೇ ಕೆಲಸ. ಬಟ್ಟಲು ಹಿಡಿದು ಬಾಗಿಲು ತಟ್ಟಬೇಕು, ಸಕ್ಕರೆ ಕೇಳಬೇಕು, ನಾಲ್ಕು ಮಾತಾಡಿ ಹೊರಡಬೇಕು. ಚಿತ್ರೀಕರಣ ನೋಡಲು ಎದುರಿಗೆ ಕೂತ ಇನ್ನೂರು ಜನ ನಗುತ್ತಿದ್ದರು. ಬಸ್ಸಿನಲ್ಲೂ ಅವಳನ್ನು ಸಕ್ಕರೆ ಅಕ್ಕ ಎಂದೇ ಕರೆಯುತ್ತಿದ್ದರು. ಆದರೂ ಪ್ರತಿ ವಾರ ಸೆಟ್ಟಿನ ಪ್ಲೈವುಡ್ ಗೋಡೆಯ ಹಿಂದೆ ಕಾಯುವಾಗ ಭಯವಾಗುತ್ತಿತ್ತು. ಬಟ್ಟಲಿನೊಳಗಿನ ಚಮಚ ಕಟಕಟ ಅನ್ನುತ್ತಿತ್ತು.

ಮೊದಲ ವಾರ ಆ ಸದ್ದು ಮೈಕಿಗೆ ಹೋಗಿ ಡೈರೆಕ್ಟರ್ ರೇಗಿದ್ದರು. ಮರುವಾರ ಸೆಟ್ಟಿನ ಬಡಗಿ ಏನೂ ಹೇಳದೆ ಬಂದು ಚಮಚದ ಮೇಲೆ ಒಂದು ಬೆರಳಿಟ್ಟ. ಸದ್ದು ನಿಂತಿತು. ಅವಳು ಒಳಗೆ ಕಾಲಿಟ್ಟ ಮೇಲೆ ಭಯ ಹೇಗೋ ಹೊರಗೇ ಉಳಿದುಕೊಂಡಿತು.

ಅಂದಿನಿಂದ ಅದೇ ರೂಢಿ. ಚಿತ್ರೀಕರಣದ ಕೆಂಪು ದೀಪ ಉರಿಯುವಾಗ ಅಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ. ಅವನ ಕಿವಿಯ ಸಂದಿಯಲ್ಲಿ ಪೆನ್ಸಿಲ್, ರೆಪ್ಪೆಯ ಮೇಲೆ ಮರದ ಪುಡಿ. ಅವಳು ನೋಡಿದರೆ ಅವನು ಬಾಗಿಲಿನ ತಿರುಪು ನೋಡುತ್ತಿದ್ದ. ಅವನು ತಿರುಪು ನೋಡುವಾಗ ಅವಳು ಇನ್ನಷ್ಟು ಹೊತ್ತು ನೋಡುತ್ತಿದ್ದಳು.

ಕೆಲಸ ಬೇರೆ ಕಡೆ ಸಿಕ್ಕೀತು. ಆ ಬೆರಳು ಎಲ್ಲಿ ಸಿಗಬೇಕು?

ಕೊನೆಯ ದೃಶ್ಯಕ್ಕೆ ಬಟ್ಟಲು ತುಂಬ ಸಕ್ಕರೆ ಕೊಟ್ಟಿದ್ದರು, ಇಷ್ಟು ದಿನ ಒಯ್ದದ್ದನ್ನು ಹಿಂದಿರುಗಿಸುವುದಕ್ಕೆ. ಸಕ್ಕರೆಯಲ್ಲಿ ಹೂತ ಚಮಚ ಅಲುಗಾಡುವುದೇ ಇಲ್ಲ. ಆದರೂ ಅವನು ಬೆರಳಿಟ್ಟ. ಈ ಸಲ ನಡುಗುತ್ತಿದ್ದದ್ದು ಬೆರಳು.

ಅವಳು ಒಳಗೆ ಹೋದಳು. ಬಟ್ಟಲು ಕೊಟ್ಟಳು. ಮನೆಯೊಡತಿಯ ಪಾತ್ರದ ಹಿರಿಯ ನಟಿ ಅಪ್ಪಿಕೊಂಡರು. ಹೋಗಿಬರುತ್ತೇನೆಂದು ಹೇಳಿ ಬಾಗಿಲು ಎಳೆದಳು.

ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಳು. ವಾರವಾರವೂ ಅವನು ಎಣ್ಣೆ ಬಿಡುತ್ತಿದ್ದ ಬಾಗಿಲು, ಮೂರು ವರ್ಷದಲ್ಲಿ ಒಮ್ಮೆಯೂ ಕಿರ್ರೆಂದದ್ದಿಲ್ಲ. ಇನ್ನೂರು ಜನರ ಮೌನ ಬೆನ್ನಿಗೆ ತಾಗಿತು. ಭಯ ಮೊದಲ ಸಲ ಅವಳ ಹಿಂದೆಯೇ ಒಳಗೆ ಬಂದಿತ್ತು. ಸ್ಕ್ರಿಪ್ಟಿನಲ್ಲಿ ಮುಂದೆ ಮಾತೇ ಇಲ್ಲ.

"ಅಕ್ಕಾ, ಒಳಗೆ ಬಿಡೋಕೆ ಯೋಚನೆ ಮಾಡ್ತಿದ್ರಿ. ಈಗ ಹೊರಗೆ ಬಿಡೋಕೂ ಯೋಚನೆನಾ?" ತನಗೆ ತೋಚಿದ್ದನ್ನು ಅಂದಳು.

"ಕೂತ್ಕೊಳ್ಳೇ," ಅಂದರು ಹಿರಿಯ ನಟಿ. "ಟೀ ಮಾಡ್ತೀನಿ. ಸಕ್ಕರೆ ಈಗ ತಾನೇ ಬಂತು."

ನಗು ನಿಲ್ಲಲೇ ಇಲ್ಲ. ಅದರ ನಡುವೆಯೇ ಕೆಂಪು ದೀಪ ಆರಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಆಚೆ ಬಡಗಿ ನಿಂತಿದ್ದ, ಅಂಗೈಯಲ್ಲಿ ಹಿಡಿಕೆಯ ಅಚ್ಚು ಕೆಂಪಗೆ ಮೂಡಿತ್ತು.

ಡೈರೆಕ್ಟರ್ ದಾಪುಗಾಲು ಹಾಕಿಕೊಂಡು ಬಂದರು. ಬಾಗಿಲಿಗೇನಾಯಿತೆಂದು ಕೇಳಿದರು. ಬಡಗಿಯ ಮುಖ ಬಿಳುಚಿತು. ಶಾಟ್ ಕೆಡಿಸಿದವರನ್ನು ಅವರು ಮರುದಿನ ಗೇಟಿನೊಳಗೆ ಬಿಡುವವರಲ್ಲ.

"ನಂದೇ ತಪ್ಪು ಸರ್. ಎಳೆಯೋದು ಬಿಟ್ಟು ತಳ್ಳಿಬಿಟ್ಟೆ."

ಅವರೆದುರು ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅವಳು ಎರಡೂ ಕೈಯಲ್ಲಿ ಎಳೆದದ್ದನ್ನು ಮೂರು ಕ್ಯಾಮೆರಾ ನೋಡಿದ್ದವು. ಡೈರೆಕ್ಟರ್ ಅವಳ ಮುಖ ನೋಡಿದರು, ಅವನ ಅಂಗೈ ನೋಡಿದರು. ಟೀ ಕುಡಿದ ಮೇಲೆ ಪಕ್ಕದ ಮನೆಯವಳ ಮನಸ್ಸು ಬದಲಾದಂತೆ ಬರೆಸುತ್ತೇನೆ, ಮುಂದಿನ ವಾರವೂ ಬಾಗಿಲು ಹೀಗೇ ಅಂಟಿಕೊಳ್ಳಲಿ ಎಂದು ಹೇಳಿ ಹೊರಟುಹೋದರು.

ಗೋಡೆಯ ಹಿಂದೆ ಇಬ್ಬರೇ ಉಳಿದರು.

"ಯಾಕೆ ಹಿಡ್ಕೊಂಡ್ರಿ?"

"ಭಯ ಆಯ್ತು."

"ನಿಮಗಾ?"

"ನೀವು ಹೋದ್ಮೇಲೆ ಇಲ್ಲಿ ನಿಂತು ನಾನೇನು ಮಾಡ್ಲಿ?"

ದೀಪ ಆರಿತ್ತು, ಮಾತಾಡಲು ಅಡ್ಡಿಯಿರಲಿಲ್ಲ. ಆದರೂ ಅವಳು ಮಾತಿನ ಬದಲು ಕೈ ಮುಂದೆ ಚಾಚಿದಳು. ಅದರಲ್ಲಿ ಬಟ್ಟಲಿರಲಿಲ್ಲ, ಚಮಚವೂ ಇರಲಿಲ್ಲ. ಆದರೂ ನಡುಗುತ್ತಿತ್ತು.

ಅವನು ಮೊದಲು ಒಂದು ಬೆರಳಿಟ್ಟ. ಆಮೇಲೆ ಉಳಿದ ನಾಲ್ಕನ್ನೂ.