ಮೂರನೇ ಪುಟದ ಬಯಾಪ್ಸಿ

ಬುಧವಾರ ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಶಿಲ್ಪಾಳ ಫೈಲಿನ ಮೇಲೆ ಕೆಂಪು ಗುರುತು ಬಿತ್ತು. ಆ ತಿಂಗಳಲ್ಲಿ ಅದು ನಾಲ್ಕನೆಯದು.

ಮೂರಕ್ಕೇ ನಿಂತಿದ್ದರೆ ಅವಳು ಉಳಿಯುತ್ತಿದ್ದಳು. ತಿಂಗಳಿಗೆ ಅರವತ್ತು ಫೈಲು ಪರೀಕ್ಷೆಗೆ ಹೋಗುತ್ತವೆ. ಶೇಕಡಾ ತೊಂಬತ್ತೈದು ಸರಿಯಿದ್ದರೆ ಕೆಲಸ ಕಾಯಂ. ಅರವತ್ತರಲ್ಲಿ ಮೂರು ತಪ್ಪೆಂದರೆ ಸರಿಯಾಗಿ ತೊಂಬತ್ತೈದು. ನಾಲ್ಕೆಂದರೆ ಆರು ತಿಂಗಳ ಪ್ರೊಬೇಷನ್ ಅಲ್ಲಿಗೇ ಮುಗಿಯಿತು. ಶುಕ್ರವಾರ ಐಡಿ ಕಾರ್ಡು ವಾಪಸ್ ಕೊಟ್ಟು ತನ್ನೂರು ರೋಣದ ಬಸ್ಸು ಹತ್ತಬೇಕು.

ಗುರುತು ಹಾಕಿದವನು ಅವಳ ಫೈಲುಗಳನ್ನು ಪರೀಕ್ಷಿಸುವ ಆಡಿಟರ್ ಮಧುಕುಮಾರ್. ಅವಳಿಗೆ ಹೆಚ್ಚು ಉರಿದದ್ದು ಅದಕ್ಕೇ.

ಅವರ ಆಫೀಸು ವಿಜಯನಗರ ಮೆಟ್ರೋ ನಿಲ್ದಾಣದಿಂದ ಐದು ನಿಮಿಷದ ದೂರದಲ್ಲಿ, ಸೀರೆ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿತ್ತು. ಅಮೆರಿಕದ ಡಾಕ್ಟರುಗಳು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದ್ದನ್ನು, ಅಂದರೆ ಕೊಲೊನೋಸ್ಕೋಪಿಯ ವರದಿಗಳನ್ನು, ಇಲ್ಲಿಯ ಇಪ್ಪತ್ತೆರಡು ಜನ ಓದಿ ಇನ್ಶೂರೆನ್ಸ್‌ನವರಿಗಾಗಿ ಐದಂಕಿಯ ಕೋಡುಗಳಾಗಿ ಬರೆಯುತ್ತಿದ್ದರು. ಇಕ್ಕಳದಿಂದ ಚೂರು ಕಿತ್ತು ಬಯಾಪ್ಸಿಗೆ ಕಳಿಸಿದರೆ 45380. ಪಾಲಿಪ್ ಎಂಬ ಸಣ್ಣ ಗಂಟನ್ನು ತಂತಿಯ ಕುಣಿಕೆ ಹಾಕಿ ಕತ್ತರಿಸಿದರೆ 45385. ಎರಡೂ ಒಂದೇ ಗಂಟಿಗೆ ಆಗಿದ್ದರೆ ಕುಣಿಕೆಯದು ಮಾತ್ರ ಲೆಕ್ಕಕ್ಕೆ. ಬೇರೆ ಬೇರೆ ಗಂಟಿಗೆ ಆಗಿದ್ದರೆ ಎರಡನ್ನೂ ಬರೆದು, ಬಯಾಪ್ಸಿಯ ಕೋಡಿನ ಕೊನೆಗೆ 59 ಎಂದು ಸೇರಿಸಬೇಕು. ಇದು ಬೇರೆ, ಅದು ಬೇರೆ ಎಂದು ಆ 59ರ ಅರ್ಥ.

ಶಿಲ್ಪಾ ಎರಡನ್ನೂ ಬರೆದು 59 ಸೇರಿಸಿದ್ದಳು. ಮಧುಕುಮಾರ್ ಬಯಾಪ್ಸಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದ: ಒಂದೇ ಗಂಟು.

ತಲೆಯೆತ್ತಿ ನೋಡಿದಳು. ಅಡ್ಡಗೋಡೆಯ ಆಚೆ ಅವನ ಹುಬ್ಬಿನಿಂದ ಮೇಲಕ್ಕಷ್ಟೇ ಕಾಣುತ್ತಿತ್ತು. ಆರು ತಿಂಗಳಲ್ಲಿ ಅವಳು ಆ ಹುಬ್ಬುಗಳ ಭಾಷೆ ಕಲಿತಿದ್ದಳು. ಎರಡೂ ಸಮವಾಗಿದ್ದರೆ ಫೈಲು ಪಾಸು. ಎಡಗಡೆಯದು ಏರಿದರೆ ಅನುಮಾನ. ಅವಳು ತನ್ನ ಕಡೆಯಿಂದ ನೋಡುವಾಗ ಅವನೂ ಈ ಕಡೆ ನೋಡಿಬಿಟ್ಟರೆ ಎರಡೂ ಒಟ್ಟಿಗೆ ಮೇಲೆ ಹೋಗಿ, ತಟ್ಟನೆ ಅಡ್ಡಗೋಡೆಯ ಕೆಳಗೆ ಮುಳುಗುತ್ತಿದ್ದವು. ಹಾಗೆ ಮುಳುಗಿದ ದಿನಗಳಲ್ಲಿ ಅವಳಿಗೆ ಮಧ್ಯಾಹ್ನದ ತನಕ ನಗು ತಡೆಯಲಾಗುತ್ತಿರಲಿಲ್ಲ. ಚಾಟ್‌ನಲ್ಲಿ ಕೇಳಿದರೆ ಸಾಕಾಗುವ ಪ್ರಶ್ನೆಗೂ ಅವನು ಎದ್ದು ಅವಳ ಟೇಬಲ್ಲಿನ ತನಕ ನಡೆದುಬರುತ್ತಿದ್ದ. ಎರಡು ವಾರದಿಂದ ಅದು ನಿಂತಿತ್ತು.

ಇವತ್ತು ಹುಬ್ಬುಗಳು ಅಲುಗಲಿಲ್ಲ.

‘ಲೇ ಶಿಲ್ಪಾ, ಒಂದು ವಿಷ್ಯ ಹೇಳ್ತೀನಿ, ಅಳಬಾರ್ದು’ ಎಂದು ಪಕ್ಕದ ಸೀಟಿನ ಕುಸುಮಾ ಕುರ್ಚಿ ಉರುಳಿಸಿಕೊಂಡು ಬಂದಳು. ಕುಸುಮಾ ವಿಜಯನಗರದಲ್ಲೇ ಹುಟ್ಟಿ ಬೆಳೆದವಳು. ಆಫೀಸಿನಲ್ಲಿ ಅವಳಿಗೆ ಗೊತ್ತಿಲ್ಲದ ಸುದ್ದಿ ಇರಲಿಲ್ಲ. ‘ಎರಡು ವಾರದ ಹಿಂದೆ ಸೀತಾ ಮೇಡಂಗೆ ಇವನು ಮೇಲ್ ಹಾಕಿದಾನೆ ಕಣೇ. ಶಿಲ್ಪಾ ಫೈಲು ನಂಗೆ ಬೇಡ, ಬೇರೆಯವ್ರಿಗೆ ಕೊಡಿ ಅಂತ. ಪ್ರಿಂಟ್ ಹಾಕೋಕೆ ಹೋದಾಗ ಅವ್ರ ಸ್ಕ್ರೀನ್ ಮೇಲೆ ಕಾಣಿಸ್ತು.’

‘ಯಾಕಂತ?’

‘ಅಷ್ಟು ಓದೋವಷ್ಟರಲ್ಲಿ ಮೇಡಂ ತಿರುಗಿಬಿಟ್ರು. ಕರುಳಿನ ಫೈಲು ನೋಡೋಕೆ ಬೇರೆ ಆಡಿಟರ್ ಇಲ್ಲ ಅಂತ ಅವರು ಒಪ್ಪಲಿಲ್ವಂತೆ.’

ಶಿಲ್ಪಾ ಅಳಲಿಲ್ಲ. ‘ನನ್ನ ಫೈಲು ಬ್ಯಾಡಂತ? ಕೆಂಪು ಗುರುತು ಹಾಕಾಕ ಮಾತ್ರ ಬೇಕಂತ?’ ಎಂದವಳೇ ಆ ವರದಿಯನ್ನು ಮೊದಲಿನಿಂದ ತೆರೆದಳು.

ಮೊದಲನೇ ಪುಟ: ಎಡಗಡೆಯ ಕರುಳಿನಲ್ಲಿ ಒಂಬತ್ತು ಮಿಲಿಮೀಟರಿನ ಗಂಟು, ಕುಣಿಕೆಯಿಂದ ತೆಗೆದದ್ದು. ಎರಡನೇ ಪುಟ: ‘ಬಯಾಪ್ಸಿ ತೆಗೆಯಲಾಯಿತು.’ ಎಲ್ಲಿಂದ ಎಂದು ಡಾಕ್ಟರು ಬರೆದಿರಲಿಲ್ಲ. ಇಷ್ಟನ್ನೇ ಓದಿದವರು ಒಂದೇ ಗಂಟು ಎನ್ನುವುದು ಸಹಜ. ಆದರೆ ಮೂರನೇ ಪುಟವೊಂದಿತ್ತು. ಮರುದಿನ ಡಾಕ್ಟರು ಸೇರಿಸಿ ಸಹಿ ಹಾಕಿದ ನಾಲ್ಕು ಸಾಲು: ಬಯಾಪ್ಸಿ ಬಲಗಡೆಯ ಕರುಳಿನ ಬೇರೊಂದು ಗಂಟಿನದು, ಇಕ್ಕಳದಿಂದ ತೆಗೆದದ್ದು.

ಅವಳು ರಿಬಟಲ್ ಹಾಕಿದಳು. ಆಡಿಟರ್ ಹಾಕಿದ ತಪ್ಪು ತಪ್ಪಲ್ಲ ಎಂದು ಕೋಡರ್ ವಾದಿಸುವ ಅವಕಾಶಕ್ಕೆ ಅಲ್ಲಿ ಆ ಹೆಸರು. ಆರು ತಿಂಗಳಲ್ಲಿ ಮಧುಕುಮಾರನ ವಿರುದ್ಧ ಹನ್ನೊಂದು ರಿಬಟಲ್ ಬಂದಿದ್ದವು. ಹನ್ನೊಂದನ್ನೂ ಅವನೇ ಗೆದ್ದಿದ್ದ. ಈ ತಿಂಗಳೂ ಅವನ ದಾಖಲೆ ಶುದ್ಧವಾಗಿದ್ದರೆ ಟೀಮ್ ಲೀಡ್ ಆಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

‘ಹುಚ್ಚಾ ನಿಂಗೆ? ಅವನ ಮೇಲೆ ರಿಬಟಲ್ಲಾ?’ ಎಂದಳು ಕುಸುಮಾ.

‘ಹನ್ನೆರಡನೇದು ನಂದಿರಲಿ ತಗೋ.’

ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಸೀತಾ ಮೇಡಂ ತಮ್ಮ ಕೋಣೆಗೆ ಇಬ್ಬರನ್ನೂ ಕರೆದರು. ಮಧುಕುಮಾರ್ ಬಾಗಿಲು ಹಿಡಿದು ನಿಂತು, ಅವಳು ಒಳಗೆ ಹೋಗುವ ತನಕ ಕಾದ. ನೀಟಾಗಿ ಇಸ್ತ್ರಿ ಮಾಡಿದ ನೀಲಿ ಅಂಗಿ, ಮುಖ ಮಾತ್ರ ನಿದ್ದೆಗೆಟ್ಟಂತಿತ್ತು. ಅವಳು ಅವನತ್ತ ನೋಡಲಿಲ್ಲ.

‘ಹೇಳಮ್ಮ’ ಎಂದರು ಮೇಡಂ.

‘ಮೇಡಂ, ಕುಣಿಕಿ ಹಾಕಿದ್ದು ಎಡಕ್ಕ. ಬಯಾಪ್ಸಿ ಬಲಕ್ಕ. ಗಂಟು ಎರಡು ಅದಾವು.’

‘ಬಲಕ್ಕೆ ಅಂತ ಎಲ್ಲಿದೆ?’ ಎಂದ ಮಧುಕುಮಾರ್. ದನಿ ಮೆತ್ತಗಿತ್ತು. ‘ಡಾಕ್ಟರು ಬರೆದಿಲ್ಲ ಅಂದ್ರೆ ಆಗಿಲ್ಲ. ಮೊದಲನೇ ದಿನಾನೇ ಹೇಳಿಕೊಟ್ಟಿದೀನಿ ನಿಮಗೆ.’

‘ಹೌದ್ರಿ ಸರ, ಹೇಳಿಕೊಟ್ಟೀರಿ. ಹೇಳಿಕೊಟ್ಟವ್ರು ಮೂರನೇ ಪುಟ ತೆಗೀರಿ.’

ಅವನು ತೆಗೆದ. ನಾಲ್ಕು ಸಾಲನ್ನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ಎಡಹುಬ್ಬು ಏರಿತು, ನಿಧಾನಕ್ಕೆ ಇಳಿಯಿತು. ಲ್ಯಾಪ್‌ಟಾಪನ್ನು ಮೇಡಂ ಕಡೆ ತಿರುಗಿಸಿದ.

‘ಅವರು ಹೇಳಿದ್ದೇ ಸರಿ ಮೇಡಂ. ನಾನು ಮೂರನೇ ಪುಟ ನೋಡಿಲ್ಲ. ತಪ್ಪು ನಂದು.’

‘ನಿನ್ನ ರೆಕಾರ್ಡಿಗೆ ಹೋಗುತ್ತೆ ಮಧು. ಈ ಸಲ ಲೀಡ್ ಆಗಲ್ಲ.’

‘ಹೋಗ್ಲಿ. ಅವರ ಗುರುತು ತೆಗೀರಿ ಮೊದಲು.’

ಮೇಡಂ ತೆಗೆದರು. ಪರದೆಯ ಮೇಲೆ 93.3 ಇದ್ದದ್ದು 95.0 ಆಯಿತು. ಶಿಲ್ಪಾ ಅದನ್ನೇ ನೋಡುತ್ತ ನಿಂತಳು. ಎದೆಯಲ್ಲಿ ಏನೋ ಚಪ್ಪಾಳೆ ಹೊಡೆದಂತಾಯಿತು. ಗೆದ್ದಿದ್ದಳು. ಗೆದ್ದವಳು ಸುಮ್ಮನೆ ಹೊರಗೆ ಹೋಗಬಹುದಿತ್ತು. ಆದರೆ ಬೆಳಗಿನಿಂದ ಕೊರೆಯುತ್ತಿದ್ದ ಪ್ರಶ್ನೆ ಇನ್ನೂ ಬಾಕಿಯಿತ್ತು.

‘ಸರ, ಒಂದು ಕೇಳ್ತೀನಿ. ಎಲ್ಲಾರ ಫೈಲಿನ ಕೊನೀ ಪುಟದ ತನಕ ನೋಡೋರು, ನಂದಷ್ಟ ಯಾಕ ಬಿಟ್ರಿ? ಬ್ಯಾಡಾದ ಫೈಲಂತನ? ಮೇಡಂಗ ಮೇಲ್ ಹಾಕಿದ್ದು ನನಗ ಗೊತ್ತೈತಿ.’

ಮಧುಕುಮಾರನ ಕಿವಿ ಕೆಂಪಾಯಿತು. ಸೀತಾ ಮೇಡಂ ಕನ್ನಡಕ ತೆಗೆದು, ಗಾಜು ಒರೆಸುತ್ತ, ‘ಅದರಲ್ಲಿ ಕಾರಣ ಏನು ಬರ್ದಿದೀಯ, ನೀನೇ ಹೇಳಪ್ಪ’ ಎಂದರು.

‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ ಎಂದ ಅವನು, ಟೇಬಲ್ಲನ್ನೇ ನೋಡುತ್ತ.

ಆ ಮಾತು ಶಿಲ್ಪಾಳಿಗೆ ಗೊತ್ತಿತ್ತು. ಕಂಪನಿಯ ನಿಯಮಪುಸ್ತಕದ ಎಂಟನೇ ನಿಯಮ: ಅಣ್ಣ-ತಮ್ಮ, ಗಂಡ-ಹೆಂಡತಿ, ಹತ್ತಿರದ ಸಂಬಂಧಿಗಳ ಫೈಲನ್ನು ಆಡಿಟರ್ ಮುಟ್ಟಬಾರದು.

‘ಆದ್ರ ನಾ ನಿಮ್ಮ ಸಂಬಂಧಿ ಅಲ್ಲಲ್ರೀ!’

‘ಅಲ್ಲ’ ಎಂದ ಮಧುಕುಮಾರ್. ಈಗ ಅವಳ ಮುಖವನ್ನೇ ನೋಡಿದ. ಹುಬ್ಬುಗಳು ಎಲ್ಲಿಗೂ ಓಡಿಹೋಗಲಿಲ್ಲ. ‘ಇನ್ನೂ ಆಗಿಲ್ಲ.’

ಸೀತಾ ಮೇಡಂಗೆ ಇದ್ದಕ್ಕಿದ್ದಂತೆ ಯಾರಿಗೋ ಫೋನ್ ಮಾಡುವುದು ನೆನಪಾಯಿತು. ‘ಹತ್ತು ನಿಮಿಷ’ ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದರು.

‘ನಿಮ್ಮ ಫೈಲು ತೆರೆದ್ರೆ ನಿಮ್ಮ ಪರವಾಗಿ ಹುಡುಕೋಕೆ ಶುರು ಮಾಡ್ತೀನಿ’ ಎಂದ ಅವನು. ‘ಇವತ್ತೂ ಅಷ್ಟೇ. ಎರಡು ಪುಟ ಓದ್ದೆ. ತಪ್ಪು ಅನ್ನಿಸ್ತು. ಇನ್ನೂ ನೋಡ್ತಾ ಹೋದ್ರೆ ನಿಮ್ಮನ್ನ ಉಳಿಸೋಕೇ ನೋಡ್ತಾ ಇದೀನಿ ಅಂತ ಭಯ ಆಯ್ತು. ಅಲ್ಲಿಗೇ ನಿಲ್ಲಿಸಿ ಗುರುತು ಹಾಕಿಬಿಟ್ಟೆ. ಮೋಸ ಮಾಡಬಾರ್ದು ಅಂತ ಹೋಗಿ ಅನ್ಯಾಯ ಮಾಡ್ದೆ. ಸಾರಿ ಶಿಲ್ಪಾ ಅವ್ರೇ.’

ಅವಳಿಗೆ ಸಿಟ್ಟು ಮಾಡಿಕೊಳ್ಳಬೇಕೆನಿಸಿತು, ಆಗಲಿಲ್ಲ. ‘ಎಷ್ಟು ದಿನ ಆತು?’

‘ಏನು?’

‘ಈ ಕಾನ್‌ಫ್ಲಿಕ್ಟು.’

‘ನಾಲ್ಕು ತಿಂಗಳು. ಮೇಲ್ ಹಾಕೋಕೆ ಧೈರ್ಯ ಬಂದಿದ್ದು ಎರಡು ವಾರದ ಹಿಂದೆ.’

‘ಮ್ಯಾನೇಜರ್‌ಗ ಬರದ್ರಿ. ನನಗ ಯಾಕ ಬರೀಲಿಲ್ಲ?’ ನಗು ಅವಳ ತುಟಿಯ ಅಂಚಿಗೆ ಬಂದು ನಿಂತಿತ್ತು. ‘ಬರದಿಲ್ಲ ಅಂದ್ರ ಆಗಿಲ್ಲ. ನೀವ ಹೇಳಿಕೊಟ್ಟದ್ದು.’

ಅವನು ಮೇಡಂ ಟೇಬಲ್ಲಿನ ಮೇಲಿದ್ದ ಹಳದಿ ಚೀಟಿಗಳಿಂದ ಒಂದನ್ನು ಕಿತ್ತ. ಪೆನ್ನು ತೆಗೆದು, ಅಮೆರಿಕದ ಡಾಕ್ಟರುಗಳಿಗಿಂತ ಎಷ್ಟೋ ಸ್ಪಷ್ಟವಾದ ಕನ್ನಡ ಅಕ್ಷರದಲ್ಲಿ ಬರೆದ: ‘ನೀವು ನನಗೆ ತುಂಬಾ ಇಷ್ಟ.’ ಕೆಳಗೆ ಸಹಿ, ತಾರೀಖು, ನಾಲ್ಕು ಗಂಟೆ ಇಪ್ಪತ್ತು ನಿಮಿಷ ಎಂದು ವೇಳೆ.

ಶಿಲ್ಪಾ ಚೀಟಿಯನ್ನು ಎರಡು ಸಲ ಓದಿದಳು. ಹಿಂದೆ ತಿರುಗಿಸಿಯೂ ನೋಡಿದಳು.

‘ಹಿಂದೆ ಏನೂ ಇಲ್ಲ ರೀ.’

‘ಕೊನೀ ಪುಟದ ತನಕ ನೋಡೂದು ನನ್ನ ಚಟ.’ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಅವನ ಸಹಿಯ ಕೆಳಗೆ ಒಂದೇ ಪದ ಸೇರಿಸಿದಳು: ‘ನನಗೂ.’ ಆಮೇಲೆ ತನ್ನ ಸಹಿ ಹಾಕಿದಳು. ಹಾಕುವಾಗ ಚೀಟಿ ಜಾರಿತು. ಅವನು ಚೀಟಿಯ ಅಂಚನ್ನು ಒತ್ತಿ ಹಿಡಿದ. ಇಬ್ಬರ ಬೆರಳುಗಳ ನಡುವೆ ಅರ್ಧ ಅಂಗುಲ ಇತ್ತು. ಸಹಿ ಮುಗಿಯುವಷ್ಟರಲ್ಲಿ ಅದೂ ಇರಲಿಲ್ಲ.

‘ಲೀಡ್ ಹೋತಲ್ರೀ ನಿಮ್ದು’ ಎಂದಳು, ಕೈ ತೆಗೆಯದೆ.

‘ಮುಂದಿನ ಸಲ ನೋಡೋಣ. ಇವತ್ತು ಸೋತಿದ್ದು ಚೆನ್ನಾಗಿದೆ.’

ಐದೂವರೆಗೆ ಇಬ್ಬರೂ ಕೆಳಗಿಳಿದು ದರ್ಶಿನಿಯಲ್ಲಿ ಬೈ ಟೂ ಕಾಫಿ ಹೇಳಿದರು. ನಿಂತೇ ಕುಡಿದರು. ಅವನು ಕೆಂಗೇರಿ ಕಡೆಯ ಮೆಟ್ರೋ ಹತ್ತಬೇಕು, ಅವಳು ಬಸವೇಶ್ವರನಗರದ ಪಿಜಿಗೆ ಬಸ್ಸು ಹಿಡಿಯಬೇಕು. ಮೂರು ಬಸ್ಸು ಬಂದವು, ಹೋದವು.

‘ನಮ್ಮಪ್ಪಗ ಏನಂತ ಹೇಳ್ಲಿ?’ ಎಂದಳು ಶಿಲ್ಪಾ. ‘ಹುಡುಗ ಕರುಳಿನ ಫೈಲು ತಿದ್ದತಾನಂತ?’

‘ಹುಡುಗ ತಪ್ಪು ಮಾಡಿದ್ರೆ ಒಪ್ಕೊತಾನೆ ಅನ್ನಿ.’

‘ಹಂಗಂದ್ರ ನಮ್ಮವ್ವ ನಾಳೇನ ಬಸ್ಸು ಹತ್ತತಾಳ. ಅಂಥಾ ಗಂಡಸರನ್ನ ಆಕಿ ಇನ್ನೂ ನೋಡಿಲ್ಲ.’

ಅವನು ಜೋರಾಗಿ ನಕ್ಕ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಅವನು ಹಾಗೆ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಶಿಲ್ಪಾಳ ಕೆಲಸ ಕಾಯಂ ಆದ ಪತ್ರ ಬಂತು. ಮುಂದಿನ ತಿಂಗಳ ಎರಡನೇ ಭಾನುವಾರ ಅವಳ ಅಪ್ಪ ಯಲ್ಲಪ್ಪ, ಅವ್ವ ಕಸ್ತೂರೆವ್ವ ಕೆಂಗೇರಿಯ ಮಧುಕುಮಾರನ ಮನೆಗೆ ಬಂದರು. ಹನ್ನೊಂದೂವರೆಗೆ ಮಾತುಕತೆ ಶುರುವಾಯಿತು. ಒಂದು ಗಂಟೆಗೆ ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಂಡರು.