ಸತ್ತವನ ಪಕ್ಕದ ಪೈಪು

1993ರ ನವೆಂಬರ್ 16, ಮಂಗಳವಾರ ಬೆಳಿಗ್ಗೆ ಗೋವಾದ ಕೊರ್ತಾಲಿಮ್ ಕಡೆಯ ಠಾಣೆಗೆ ಹೆಂಗಸೊಬ್ಬಳು ಬಂದು, ಗಂಡನ ಸಾವಿನ ಬಗ್ಗೆ ದೂರು ಕೊಡಬೇಕು ಎಂದಳು. ಹೆಸರು ರೂಪಿಬಾಯಿ. ಬರೆದುಕೊಳ್ಳಬೇಕಾದ ಹವಾಲ್ದಾರನಿಗೆ ಅವಳ ಕನ್ನಡ ಹತ್ತಲಿಲ್ಲ, ಅವಳಿಗೆ ಅವನ ಕೊಂಕಣಿ ತಿಳಿಯಲಿಲ್ಲ. ಒಳಗಿನ ಕೋಣೆಯಿಂದ ಸಬ್ ಇನ್‌ಸ್ಪೆಕ್ಟರ್ ಬಾಳಕೃಷ್ಣನನ್ನು ಕರೆದರು. ಅವನು ಕಾರವಾರದವನಾದ್ದರಿಂದ ಕನ್ನಡದ ಕೂಲಿಗಳ ಕೇಸೆಲ್ಲ ಅವನ ಮೇಜಿಗೇ ಬರುತ್ತಿದ್ದವು.

ಅವಳ ಗಂಡ ನಾನಪ್ಪ ಹಿಂದಿನ ದಿನ ಮಧ್ಯಾಹ್ನ ಹೆದ್ದಾರಿ ಪಕ್ಕದ ಟ್ರೇಲರ್ ಯಾರ್ಡಿನಲ್ಲಿ ಸತ್ತಿದ್ದ. ಬಂದರಿನಿಂದ ಬಂದ ದೊಡ್ಡ ಕಬ್ಬಿಣದ ಟ್ಯಾಂಕನ್ನು ಟ್ರೇಲರಿಗೆ ಅಗಲವಾದ ಬೆಲ್ಟುಗಳಿಂದ ಬಿಗಿಯುವಾಗ ಬೆಲ್ಟಿನ ಉರುಳೆ ತಿರುಗಿಸಲು ಕೈಯಲ್ಲಿ ಹಿಡಿದಿದ್ದ ಸಲಾಕಿ ಚಿಮ್ಮಿ ಗದ್ದಕ್ಕೆ ಬಡಿದಿತ್ತು. ಹಿಡಿಕೆ ಉದ್ದವಾಗಲೆಂದು ಸಲಾಕಿಗೆ ಪೈಪು ಸಿಕ್ಕಿಸಿ ಅಳತೆ ಮೀರಿ ಜಗ್ಗಿದ್ದೇ ಕಾರಣ, ಸ್ವಂತ ಅಜಾಗರೂಕತೆ ಎಂದು ಪಂಚನಾಮೆಯಲ್ಲಿತ್ತು. ಪೈಪು ಹೆಣದ ಪಕ್ಕದಲ್ಲೇ ಸಿಕ್ಕಿತ್ತು.

"ಪಂಚನಾಮಾ ಆಗೇತಿ ಬಾಯಿ. ಅಪಘಾತ ಅಂತ ಬರದಾರ."

"ಅದಕ್ಕ ಬಂದೇನ್ರಿ ಸಾಹೇಬ್ರ. ನನ್ನ ಗಂಡ ಪೈಪ್ ಮುಟ್ಟಾಂವಲ್ಲ."

"ಅವಸರದಾಗ ಎಲ್ಲಾರೂ ಮುಟ್ತಾರ."

"ಇವ ಮುಟ್ಟಾಂವಲ್ರಿ. ವರ್ಷ ಆತು, ನಳದ ಪೈಪ್ ಕಂಡ್ರೂ ದೂರ ಸರದ ನಿಲ್ತಿದ್ದ."

"ಯಾಕ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಬಾಳಕೃಷ್ಣ ದೂರು ಬರೆಸಿಕೊಂಡ, ಹೆಬ್ಬೆಟ್ಟು ಒತ್ತಿಸಿದ. ಅವಳು ಹೋದ ಮೇಲೆ ಜಪ್ತಿ ಮಾಡಿದ ವಸ್ತುಗಳನ್ನು ತರಿಸಿದ.

ಪೈಪು ತೋಳಿನುದ್ದ ಇತ್ತು, ತುಕ್ಕು ಹಿಡಿದದ್ದು. ಒಂದು ತುದಿ ಯಾವುದೋ ಗಾಡಿಯ ಗಾಲಿಗೆ ಸಿಕ್ಕಂತೆ ಚಪ್ಪಟೆಯಾಗಿತ್ತು. ಇನ್ನೊಂದು ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ಬಾಯಿಂದ ಎರಡು ಬೆರಳು ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು, ಒಣಗಿ ಗಟ್ಟಿಯಾದದ್ದು, ಒಂದು ಚೂರೂ ಉದುರಿರಲಿಲ್ಲ.

"ಶಾಬಾ, ಆ ಸಲಾಕಿ ಕೊಡು" ಎಂದ.

ಕಾನ್‌ಸ್ಟೆಬಲ್ ಶಾಬಾ ಕೊಟ್ಟ. ಚಪ್ಪಟೆ ತುದಿಗೆ ಸಲಾಕಿ ಹೋಗಲಿಲ್ಲ. ಈ ಕಡೆ ಹಾಕಿದರೆ ಗೂಡು ಒಡೆಯುತ್ತಿತ್ತು. ನಾನಪ್ಪ ಈ ಪೈಪನ್ನು ಸಲಾಕಿಗೆ ಹಾಕಿಯೇ ಇರಲಿಲ್ಲ. ಹಾಗಾದರೆ ಅದನ್ನು ಹೆಣದ ಪಕ್ಕ ತಂದಿಟ್ಟವರು ಯಾರು?

ಅದೇ ದಿನ ಊಟದ ಹೊತ್ತಿಗೆ ಇಬ್ಬರೂ ಯಾರ್ಡಿಗೆ ಹೋದರು. ಕೆಲಸ ನಿಂತಿತ್ತು. ಕೂಲಿಗಳು ಗೇಟಿನ ಹೊರಗೆ ಥಾವರಿಬಾಯಿಯ ಚಹಾದಂಗಡಿ ಮುಂದೆ ಗುಂಪಾಗಿ ಕೂತಿದ್ದರು. ಒಳಗೆ ಬರಲು ಯಾರೂ ತಯಾರಿರಲಿಲ್ಲ.

"ಸಪ್ಪಳ ಕೇಳಸ್ತೈತ್ರಿ" ಎಂದ ಕಾವಲುಗಾರ ದೇವಲಪ್ಪ. "ಯಾರೂ ಇರಂಗಿಲ್ಲ, ಬೆಲ್ಟ್ ಬಿಗಿಯೋ ಸಪ್ಪಳ ಮಾತ್ರ ಬರ್ತೈತಿ. ಹ್ವಾದ ವರ್ಷ ಠಾಕಪ್ಪ ಇಲ್ಲೇ ಹಿಂಗ ಸತ್ತ. ಆವಾಗಿಂದ ಒಮ್ಮೊಮ್ಮೆ ಬರ್ತಿತ್ತು. ನಿನ್ನೆಯಿಂದ ಬಿಟ್ಟ ಬಿಡದಂಗ ಬರಾಕತ್ತೈತ್ರಿ."

"ಭೂತಗೀತ ನನ್ನ ಮುಂದ ಹೇಳಬ್ಯಾಡ."

"ನೀವ ಕೇಳ್ರಿ ಸಾಹೇಬ್ರ."

ಬಾಳಕೃಷ್ಣ ಒಬ್ಬನೇ ಒಳಗೆ ಹೋದ. ಜುವಾರಿ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಟ್ರೇಲರಿನ ಮೇಲೆ ಟ್ಯಾಂಕು ಹಾಗೇ ಕೂತಿತ್ತು, ಹೊಟ್ಟೆಯ ಮೇಲೆ ಮೂರು ಬೆಲ್ಟು ಬಿಗಿದು, ಹಿಂದಿನದೊಂದು ಸಡಿಲಾಗಿ ಜೋತಿತ್ತು. ನೆಲದ ಮೇಲೆ ಯಾರೋ ಮಣ್ಣು ಚೆಲ್ಲಿದ ಜಾಗ. ಅಲ್ಲಿಗೆ ಬರುವಷ್ಟರಲ್ಲಿ ಅವನಿಗೂ ಕೇಳಿಸಿತು. ಕಟ್. ತುಸು ಹೊತ್ತು ಏನಿಲ್ಲ. ಮತ್ತೆ ಕಟ್, ಕಟ್. ಯಾರೋ ಉಸಿರು ತೆಗೆದುಕೊಂಡು ನಿಧಾನವಾಗಿ ಜಗ್ಗಿದಂತೆ.

ಹಾಡುಹಗಲಲ್ಲೂ ಬಾಳಕೃಷ್ಣ ತಿರುಗಿ ಹೋಗಬೇಕೆನಿಸಿದ್ದನ್ನು ನುಂಗಿಕೊಂಡು ಸಪ್ಪಳದ ಕಡೆಗೇ ನಡೆದ. ಜೋತಿದ್ದ ಬೆಲ್ಟು ಗಾಳಿಗೆ ಹೊಯ್ದಾಡುತ್ತಿತ್ತು. ಅದು ಜಗ್ಗಿದಾಗೊಮ್ಮೆ ಟ್ರೇಲರಿನ ಅಂಚಿಗೆ ಕೂಡಿಸಿದ ಬಿಗಿಯುವ ಉರುಳೆ ಹಿಂದೆ ಮುಂದೆ ಆಡುತ್ತಿತ್ತು, ಅದು ಹಿಂದೆ ತಿರುಗದಂತೆ ಹಲ್ಲಿಗೆ ಬಿದ್ದು ಹಿಡಿಯಬೇಕಾದ ಕೊಕ್ಕೆ ಹಿಡಿಯದೆ ಜಾರುತ್ತಿತ್ತು. ಬೆರಳಿನಿಂದ ಗ್ರೀಸು ಒರೆಸಿದ. ಕೊಕ್ಕೆಯ ತುದಿ ಹೊಸ ರೂಪಾಯಿಯಂತೆ ಹೊಳೆಯಿತು. ಕಬ್ಬಿಣ ಸವೆಸುವ ಕಾನಸಿನ ಗೆರೆಗಳು ಬರಿಗಣ್ಣಿಗೇ ಕಾಣುತ್ತಿದ್ದವು.

ಮರುದಿನ ವ್ಯಾಸರಾಜನನ್ನು ಕರೆಸಿದರು. ಧಾರವಾಡದವನು, ಬಂದರಿನಲ್ಲಿ ಸರಕು ಬಿಗಿಯುವವರಿಗೆ ತರಬೇತಿ ಕೊಡುತ್ತಿದ್ದ. ಉರುಳೆಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ಕೆಳಗಿಟ್ಟ.

"ಇಷ್ಟ ಅಗಲದ ಬೆಲ್ಟಿಗೆ ಇದ ಉರುಳಿ ಸರಿ, ಈ ಸಲಾಕೀನೂ ಸರಿ. ತುದಿ ನೋಡ್ರಿ, ಉರುಳಿ ತೂತಿಗೆ ಗಟ್ಟಿ ಕೂಡ್ತೈತಿ. ಅವ ಹತಾರ ಚಲೋದನ್ನ ಆರಿಸ್ಕೊಂಡಾನ. ಬೆಲ್ಟಿನ ಅಂಚೂ ಹರದಿಲ್ಲ."

"ಮತ್ತ ತಪ್ಪಿದ್ದೆಲ್ಲಿ?"

"ಸಲಾಕಿ ಕೆಳಗ ಒತ್ತಿದಾಗ ಭಾರ ನಿಮ್ಮ ಕೈಯಾಗ ಇರ್ತೈತಿ. ಮುಂದಿನ ತೂತಿಗೆ ಹಾಕಾಕ ಕೈ ಸಡಲ ಬಿಟ್ಟ ಕೂಡ್ಲೆ ಭಾರೆಲ್ಲ ಕೊಕ್ಕಿ ಮ್ಯಾಲೆ ಬರ್ತೈತಿ. ಕೊಕ್ಕಿ ಬಿಡ್ತು ಅಂದ್ರ ಸಲಾಕಿ ಗುಂಡಿನಂಗ ಮ್ಯಾಲೆ ಹಾರ್ತೈತಿ. ಅದಕ್ಕ ನಾವು ಹೇಳೋದು, ಕೊಕ್ಕಿ ಹಲ್ಲಿಗೆ ಪೂರ್ತಿ ಕುಂತದ್ದು ಕಣ್ಣಿಲೆ ನೋಡದ ಕೈ ಬಿಡಬ್ಯಾಡ್ರಿ, ಸಲಾಕಿ ತಿರಗೋ ಹಾದ್ಯಾಗ ಮಾರಿ ಇಡಬ್ಯಾಡ್ರಿ, ಬಾಜೂಕ ನಿಲ್ರಿ ಅಂತ. ಪೈಪ್ ಅಂತೂ ಹಾಕಲೇಬಾರ್ದು, ಎಷ್ಟ ಬಿಗೀತು ಅನ್ನೋದು ಕೈಗೆ ತಿಳಿಯಂಗಿಲ್ಲ. ಆದ್ರ ಕಡೀ ಜಗ್ಗಿಗೆ ಎಲ್ಲಾರೂ ಮೈಭಾರ ಹಾಕಿ ಬಗ್ತಾರ. ಇದನ್ನ ಸವಸಿದಾಂವಗ ಅದು ಗೊತ್ತೈತಿ."

"ಕೂಡ್ಲೆ ಯಾಕ ಜಾರಲಿಲ್ಲ?"

"ಅರ್ಧ ಸವಸ್ಯಾನ್ರಿ. ಸಣ್ಣ ಬಿಗಿ ತಡದೈತಿ, ದೊಡ್ಡದ ತಡೀಲಿಲ್ಲ. ಒಮ್ಮೆ ಕಿತ್ತಿದ್ದಕ್ಕ ಈಗ ಗಾಳಿಗೂ ಜಾರಾಕತ್ತೈತಿ."

ಯಾರ್ಡಿನಲ್ಲಿ ಹತಾರ ರಿಪೇರಿ ಮಾಡುವವನು ಒಬ್ಬನೇ. ಕೇಶಪ್ಪ, ಹೋದ ವರ್ಷ ಸತ್ತ ಠಾಕಪ್ಪನ ತಮ್ಮ. ಟ್ರೇಲರಿನ ಹಿಂಬದಿಯ ಉರುಳೆಯನ್ನು ಯಾವಾಗಲೂ ನಾನಪ್ಪನೇ ಬಿಗಿಯುತ್ತಿದ್ದ ಎಂಬುದು ಯಾರ್ಡಿನವರಿಗೆಲ್ಲ ಗೊತ್ತಿತ್ತು. ಆದರೆ ಬಾಳಕೃಷ್ಣ ಅವನ ಹತ್ತಿರ ಹೋಗುವ ಮೊದಲು ಚಹಾದಂಗಡಿಯ ಥಾವರಿಬಾಯಿಯ ಮುಂದೆ ಬೆಂಚಿನ ಮೇಲೆ ಕೂತ. ಅಂಗಡಿಯಿಂದ ಯಾರ್ಡು ನೇರ ಕಾಣುತ್ತಿತ್ತು.

"ನಾನಪ್ಪ ಬಿದ್ದಾಗ ಮೊದಲ ಯಾರು ಓಡಿ ಬಂದ್ರು?"

"ಕೇಶಪ್ಪರಿ. ರಿಪೇರಿ ಶೆಡ್ಡಿನ ಹಿಂದಿಂದ ಬಂದ."

"ಕೈಯಾಗ ಏನಿತ್ತು?"

"ಪೈಪ್ ಇತ್ತಲ್ರಿ. ನಾನಪ್ಪನ ಮ್ಯಾಲೆ ಏನರೆ ಬಿದ್ದೈತಿ, ಎತ್ತಾಕ ತಂದಾನ ಅಂದ್ಕೊಂಡೆ."

"ನಿನ್ನೆ ಯಾಕ ಹೇಳಲಿಲ್ಲ?"

"ನನ್ನ ಯಾರ್ ಕೇಳಿದ್ರಿ?"

ಶಾಬಾ ಆಗಲೇ ಬೇಡಿಗೆ ಕೈ ಹಾಕಿದ್ದ. ಬಾಳಕೃಷ್ಣ ತಡೆದ. ಹೇಗೆ ಎಂಬುದು ಸಿಕ್ಕಿತ್ತು, ಯಾಕೆ ಎಂಬುದು ಸಿಕ್ಕಿರಲಿಲ್ಲ. ಅದು ರೂಪಿಬಾಯಿಯ ಬಳಿ ಇದೆ ಎಂದು ಅವನಿಗೆ ಅನಿಸತೊಡಗಿತ್ತು. ಮೊದಲ ದಿನ ಅವಳು ನುಂಗಿಕೊಂಡ ಉತ್ತರ ಅವನನ್ನು ಬಿಟ್ಟಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಕಿಟಕಿಯ ಚಿಲಕ ಹಾಕಿದ 'ಕಟ್' ಸದ್ದಿಗೂ ಅವನ ಕೈತುತ್ತು ನಿಂತಿತ್ತು.

18ರಂದು ರೂಪಿಬಾಯಿಯ ಗುಡಿಸಲಿಗೆ ಹೋದಾಗ ಅವಳು ಗಂಡನ ಬಟ್ಟೆ ಮಡಚುತ್ತಿದ್ದಳು.

"ಪೈಪಿಗೆ ಯಾಕ ಅಂಜತಿದ್ದ, ಹೇಳು ಬಾಯಿ. ನಿನ್ನ ದೂರು ಖರೇ ಐತಿ. ಯಾರೋ ಅವನ್ನ ಕೊಂದಾರ."

ಅವಳು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗುಂಡಿ ಹಾಕಿದಳು. ಹೇಳಿದರೆ ಸತ್ತ ಗಂಡನ ಹೆಸರು ಕೆಡುತ್ತಿತ್ತು. ಕಡೆಗೆ ಹೇಳಿದಳು.

"ನಿದ್ದ್ಯಾಗ ಎದ್ದ ಕೂಡ್ತಿದ್ರಿ. 'ನಾನ ಹಾಕಿದ್ದು, ಅವ ಅಲ್ಲ, ನಾನ ಹಾಕಿದ್ದು' ಅಂತ ಒದರತಿದ್ದ. ಠಾಕಪ್ಪ ಬ್ಯಾಡ ಅಂದ್ರೂ ಇವ ಸಲಾಕಿಗೆ ಪೈಪ್ ಹಾಕಿ ಜಗ್ಗಿದ. ಅದು ಕಿತ್ತ ಹೋಗಿ ಬಾಜೂಕ ನಿಂತ ಠಾಕಪ್ಪನ ತಲಿಗೆ ಬಡೀತು. ಇದ್ದವರು ಇಬ್ಬರ. ಪೊಲೀಸ್ರು ಬಂದಾಗ ಅಂಜಿಕಿಗೆ, ಪೈಪ್ ಹಾಕಿದಾಂವ ಠಾಕಪ್ಪನ ಅಂತ ಹೇಳಿಬಿಟ್ಟ. ಹಾಂಗ ಬರಕೊಂಡ್ರು."

"ಕೇಶಪ್ಪಗ ಗೊತ್ತೈತಿ?"

"ಠಾಕಪ್ಪ ಸತ್ತು ವರ್ಷ ತುಂಬಿದ ದಿನ ಇವ ಹೋಗಿ ಹೇಳಿ ಬಂದ್ರಿ. ಅವತ್ತ ಮನಿಗೆ ಬಂದು ಚಲೋತ್ನಂಗ ನಿದ್ದಿ ಮಾಡಿದ."

ಅಂದು ಸಂಜೆ ನಾಲ್ಕಕ್ಕೆ ಭಾರತೀಯ ದಂಡ ಸಂಹಿತೆಯ 302ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಐದಕ್ಕೆ ಯಾರ್ಡಿನ ರಿಪೇರಿ ಶೆಡ್ಡಿಗೆ ಹೋದಾಗ ಕೇಶಪ್ಪ ಒಬ್ಬನೇ ಒಳಗಿದ್ದ. ಉಳಿದವರು ಹೆದರಿ ಬಾರದಿದ್ದರೂ ಅವನು ಮೂರೂ ದಿನ ಬಂದು ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ, ಅಷ್ಟೆ. ಅವನೇ ತೋರಿಸಿದ ಕಾನಸನ್ನು ಪಂಚರ ಮುಂದೆ ಜಪ್ತಿ ಮಾಡಿದರು.

"ಕೊಕ್ಕಿ ಸವಸಿದ್ದು ನೀನ?"

"ಹೌದ್ರಿ."

"ಯಾವಾಗ?"

"ರವಿವಾರ. ಯಾರ್ಡ್ ಬಂದ್ ಇತ್ತು."

"ಸಾಯ್ಲಿ ಅಂತನ?"

ಅವನು ಉಗುರಿನ ಸಂದಿಯ ಗ್ರೀಸನ್ನು ನೋಡುತ್ತಾ ನಿಂತ. "ಹೌದ್ರಿ."

"ಅವ ತಾನ ಬಂದು ತಪ್ಪ ಒಪ್ಪಿದ್ನಲ್ಲೋ."

"ಒಪ್ಪಿದ್ರಿ. ಕೈ ಹಿಡದ ಅತ್ತ. ನಾ ಕೇಳಿದ್ದು ಒಂದ. ಪೊಲೀಸ್ರಿಗೆ ಬ್ಯಾಡ, ನಮ್ಮವ್ವನ ಮುಂದ ಬಂದ ಹೇಳು ಅಂದೆ. ಆಕಿ ದಿನಾ ಮುಂಜಾನೆ ಎದ್ದ ಅಣ್ಣಗ ಬೈತಾಳ್ರಿ. ಯಾಕ ಅವಸರ ಮಾಡಿದ್ಯೋ, ಪೈಪ್ ಯಾಕ ಹಾಕಿದ್ಯೋ ಅಂತ. ಸತ್ತಾಂವಗ ಬೈಯೂದ ದಿನಾ ಕೇಳಬೇಕು. ಬರ್ತೇನಿ ಅಂದ. ಬರಲಿಲ್ಲ. ನನ್ನ ಕಂಡ್ರ ಹಾದಿ ಬದಲ ಮಾಡಾಕತ್ತ."

"ನೀನ ಅವ್ವಗ ಹೇಳಬಹುದಿತ್ತು."

"ನನ್ನ ಮಾತ ನಂಬತಾಳೇನ್ರಿ? ತಮ್ಮ ಅಣ್ಣನ ಕಡೆ ಹೇಳ್ತಾನ ಅಂತಿದ್ಳು. ಸರಕಾರದ ಕಾಗದದಾಗ ಬರದೈತಲ್ಲ."

"ಪೈಪ್ ಯಾಕ ತಂದಿಟ್ಟಿ? ಇಡದಿದ್ರ ಹತಾರ ಕೆಟ್ಟಿತ್ತು ಅಂತ ಮುಗದ ಹೋಗ್ತಿತ್ತು."

ಕೇಶಪ್ಪ ಮೊದಲ ಸಲ ತಲೆ ಎತ್ತಿದ. "ನಮ್ಮಣ್ಣನ ಮ್ಯಾಲೆ ಏನ ಬರದ್ರಿ, ಅವನ ಮ್ಯಾಲೂ ಅದನ್ನ ಬರೀಬೇಕಾಗಿತ್ರಿ."

ಶಾಬಾ ಬೇಡಿ ಹಾಕಿದ. ಜೀಪಿನ ಹತ್ತಿರ ಬಂದಾಗ ಕೇಶಪ್ಪ ನಿಂತು ಟ್ರೇಲರಿನ ಕಡೆ ಕಿವಿಗೊಟ್ಟ. ಆ ಉರುಳೆಯನ್ನು ಬಿಚ್ಚಿ ಠಾಣೆಗೆ ಒಯ್ದಾಗಿತ್ತು, ಬೆಲ್ಟನ್ನೂ ಸುತ್ತಿಟ್ಟಿದ್ದರು. ಗಾಳಿ ಬಿದ್ದಿತ್ತು.

"ನಿಮಗ ಕೇಳಸ್ತೈತೇನ್ರಿ?"

"ಏನು?"

"ಮೊದಲ ಒಬ್ಬಾಂವ ಜಗ್ತಿದ್ದ. ಸೋಮವಾರದಿಂದ ಇಬ್ಬರು ಜಗ್ಗಾಕತ್ತಾರ್ರಿ."

ಬಾಳಕೃಷ್ಣ ಜೀಪಿನ ಹಿಂಬಾಗಿಲು ಹಾಕಿದ. ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕಿತ್ತು. ಆ ಕೆಲಸಕ್ಕೆ ಯಾರನ್ನೂ ಕಳಿಸದೆ ತಾನೇ ಹೊರಟ.

ಅಣ್ಣತಮ್ಮಂದಿರ ತಾಯಿ ಸೋಮಿಬಾಯಿ ಗುಡಿಸಲ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಮಂಜಾಗಿತ್ತು, ಕಾಕಿ ಬಟ್ಟೆ ಗುರುತಾಗಲು ತುಸು ಹೊತ್ತು ಬೇಕಾಯಿತು. ಬಾಳಕೃಷ್ಣ ಟೋಪಿ ತೆಗೆದು ಕಟ್ಟೆಯ ಮೇಲೆ ಕೂತ. ಯಾವುದನ್ನು ಮೊದಲು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ.

"ಅವ್ವಾ, ಠಾಕಪ್ಪ ಸತ್ತ ದಿನ ಪೈಪ್ ಹಾಕಿದಾಂವ ಅವ ಅಲ್ಲ. ಬ್ಯಾಡ ಅಂದಾಂವ ಅವ. ಹಾಕಿದ್ದು ನಾನಪ್ಪ. ಅವನ ಹೇಣ್ತಿ ಹೇಳಿ ಬರಸ್ಯಾಳ."

ಮುದುಕಿಯ ಕೈ ಹಿಟ್ಟಿನ ಮೇಲೆ ನಿಂತಿತು. "ಖರೇನ್ರಿ?"

"ಖರೇ. ಕಾಗದದಾಗ ಬರದೇನಿ."

"ನನ್ನ ಮಗ ಅವಸರ ಮಾಡಲಿಲ್ಲ?"

"ಇಲ್ಲವ್ವಾ."

ಅವಳು ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಬೆಳ್ಳಗಾದ ಕೆನ್ನೆಯನ್ನು ಸೆರಗಿನಿಂದ ಒರೆಸಿಕೊಂಡಳು. ಅವಳ ಮುಖದಲ್ಲಿ ಎಂಥದೋ ಕಳೆ ಬಂದಿತ್ತು.

"ಕೂಡ್ರಿ ಸಾಹೇಬ್ರ, ಚಾ ಮಾಡ್ತೇನಿ" ಎಂದಳು. "ಕೇಶಪ್ಪ ಇನ್ನೇನ್ ಬರೂ ಹೊತ್ತಾತು. ನೀವ್ ಹೇಳಬ್ಯಾಡ್ರಿ. ಅವಗ ಇದು ಗೊತ್ತಿಲ್ಲ, ಅಣ್ಣ ಅಂದ್ರ ಭಾಳ ಜೀವ ಅವಗ. ನಾನ ಹೇಳ್ತೇನಿ."